ನಾವು ಮಾರುವುದು ಒಲೆಗೆ ಹೋಗುವ ಮಾಂಸ

ಮಾನ್ಯ ಸಂಪಾದಕರೇ,

ನಾನು ತೀರ್ಥಹಳ್ಳಿಯಲ್ಲಿ ಮಟನ್ ಮತ್ತು ಕೋಳಿ ಅಂಗಡಿ ಇಟ್ಟಿರುವವನು. ಅಪ್ಪನ ಕಾಲದ ಅಂಗಡಿ. ನಾನು ಕತ್ತಿ ಹಿಡಿದು 28 ವರ್ಷವಾಯಿತು. ನಿಮ್ಮ ಪತ್ರಿಕೆ ದಿನಾ ಅಂಗಡಿಗೆ ಬರುತ್ತದೆ, ಪತ್ರ ಬರೆಯುತ್ತಿರುವುದು ಮಾತ್ರ ಇದೇ ಮೊದಲು. ಸಾಕಿದ ನಾಯಿಗಳಿಗೆ ಹಸಿ ಮಾಂಸ ಹಾಕುವ ವಿಚಾರ ಬರೆಯಬೇಕು ಅಂತ ಕೂತಿದ್ದೇನೆ. ಹಾಗೆ ಹಾಕುವವರು ಜಾಸ್ತಿಯಾದಷ್ಟೂ ನನಗೆ ವ್ಯಾಪಾರ. ಆದರೂ ಬೇಡ ಅಂತಲೇ ಹೇಳುತ್ತೇನೆ. ಯಾಕೆ ಅಂತ ಹೇಳೋಕೆ ಸ್ವಲ್ಪ ಜಾಗ ಬೇಕು, ದಯವಿಟ್ಟು ಕೊಡಿ.

ಹಿಂದೆಲ್ಲ ಯಾರಾದರೂ "ನಾಯಿಗೆ ಸ್ವಲ್ಪ ಹಾಕಿ" ಅಂದರೆ ಚೂರುಪಾರು ಕವರಿಗೆ ಹಾಕಿ ಕೊಡುತ್ತಿದ್ದೆವು. ಅದಕ್ಕೆ ದುಡ್ಡು ತಗೊಳ್ಳುತ್ತಿರಲಿಲ್ಲ. ಅವರು ಮನೆಗೆ ಒಯ್ದು ನುಚ್ಚಕ್ಕಿ ಜೊತೆ ಒಂದು ಹಳೇ ಪಾತ್ರೆಗೆ ಹಾಕಿ ಬಚ್ಚಲ ಒಲೆ ಮೇಲೆ ಇಟ್ಟುಬಿಡುತ್ತಿದ್ದರು. ಸ್ನಾನದ ನೀರು ಕಾಯುವ ಹೊತ್ತಿಗೆ ನಾಯಿ ಊಟವೂ ಬೆಂದಿರುತ್ತಿತ್ತು. ಈಗ ನಾಲ್ಕೈದು ವರ್ಷದಿಂದ ಬೇರೆ ಥರ. ಫೋನು ತೆಗೆದು ಲೆಕ್ಕ ಓದುತ್ತಾರೆ. ನೂರಕ್ಕೆ 80 ಭಾಗ ಮಾಂಸ, 10 ಭಾಗ ಮೂಳೆ, ಉಳಿದ 10 ಭಾಗ ಲಿವರ್ ಕಿಡ್ನಿ. ಎಲ್ಲ ಹಸಿ. "ಬೇಯಿಸೋದಿಲ್ವಾ?" ಅಂತ ಕೇಳಿದರೆ, "ಇಲ್ಲ ಅಣ್ಣ, ರಾ ಫುಡ್ಡೇ ನಾಯಿಗೆ ಒಳ್ಳೇದಂತೆ" ಅನ್ನುತ್ತಾರೆ.

ಇದು ಎಲ್ಲಿಂದ ಬಂತು ಅಂತ ನನಗೂ ಕುತೂಹಲ ಇತ್ತು. ನನ್ನ ಅಣ್ಣನ ಮಗಳು ವೆಟರ್ನರಿ ಓದುತ್ತಿದ್ದಾಳೆ. ಅವಳನ್ನು ಕೇಳಿದೆ. ಆಸ್ಟ್ರೇಲಿಯಾದ ಪಶುವೈದ್ಯರು ಒಬ್ಬರು, ಇಯಾನ್ ಬಿಲ್ಲಿಂಗ್‌ಹರ್ಸ್ಟ್ ಅಂತ, 1993ರಲ್ಲಿ ಇದರ ಬಗ್ಗೆ ಪುಸ್ತಕ ಬರೆದರಂತೆ. ಅಲ್ಲಿಂದ ಇದಕ್ಕೆ 'ಬಾರ್ಫ್' ಅನ್ನುವ ಹೆಸರು ಬಿದ್ದು ಊರೂರಿಗೆ ಹಬ್ಬಿತು. ನಾಯಿ ತೋಳದ ವಂಶದ್ದು, ತೋಳ ಬೇಯಿಸಿ ತಿನ್ನುವುದಿಲ್ಲ, ಹಾಗಾಗಿ ನಾಯಿಗೂ ಹಸಿಯೇ ಸರಿ ಅನ್ನುವುದು ಅವರ ವಾದ. ಕೇಳೋಕೆ ಸರಿ ಅನ್ನಿಸುತ್ತದೆ. ಹಾಕುವವರು ಕೆಟ್ಟವರೇನಲ್ಲ. ನಾಯಿಯನ್ನು ಮಗುವಿನ ಹಾಗೆ ನೋಡಿಕೊಳ್ಳುವವರೇ ಇಷ್ಟು ತಲೆ ಕೆಡಿಸಿಕೊಳ್ಳುವುದು. ಅದಕ್ಕೇ ಅವರಿಗೆ ಹೇಳಬೇಕು ಅಂತ ನನಗೆ ಅನ್ನಿಸಿದ್ದು.

ಮೊದಲು ಒಂದು ಮರಿಯ ವಿಚಾರ. ಕೊಪ್ಪ ರಸ್ತೆ ಕಡೆಯ ತೋಟದ ಮನೆಯ ಹುಡುಗ. ಬೆಂಗಳೂರಲ್ಲಿ ಕೆಲಸ. ಕೊರೊನಾ ಕಾಲದಲ್ಲಿ ಮನೆಯಿಂದಲೇ ಕೆಲಸ ಅಂತ ಊರಿಗೆ ಬಂದವನು ಒಂದು ಲ್ಯಾಬ್ರಡಾರ್ ಮರಿ ತಂದ. ಆಗ ಅದಕ್ಕೆ ಎರಡು ತಿಂಗಳು. ವಾರಕ್ಕೆರಡು ಸಲ ಬಂದು ಬೋನ್‌ಲೆಸ್ ಕೋಳಿ, ಒಂದಿಷ್ಟು ಲಿವರ್ ಒಯ್ಯುತ್ತಿದ್ದ. ಲೆಕ್ಕದಲ್ಲಿ ಮೂಳೆಯೂ ಇತ್ತು. ಆದರೆ ಗಂಟಲಿಗೆ ಸಿಕ್ಕಿಕೊಂಡರೆ ಅಂತ ಅವನ ಅಮ್ಮ ಹೆದರಿದರಂತೆ, ಮೂಳೆ ಬಿಟ್ಟ. ನಾನೂ ಒಳ್ಳೊಳ್ಳೆ ತುಂಡೇ ನೋಡಿ ಕೊಟ್ಟೆ. ಮರಿ ಗುಂಡಗುಂಡಗೆ ಆಯಿತು, ಮೈ ಮಿರಿಮಿರಿ ಮಿಂಚುತ್ತಿತ್ತು. ಐದನೇ ತಿಂಗಳಲ್ಲಿ ಒಂದು ದಿನ ಜಗಲಿಯಿಂದ ಅಂಗಳಕ್ಕೆ ಹಾರಿತು. ಜಗಲಿ ಎಷ್ಟು ಎತ್ತರ, ಹೆಚ್ಚೆಂದರೆ ಒಂದೂವರೆ ಅಡಿ. ಮುಂಗಾಲು ಮುರಿಯಿತು.

ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋದರು. ಇಲ್ಲಿಂದ ಸುಮಾರು 60 ಕಿಲೋಮೀಟರ್. ಮಂಡಗದ್ದೆ, ಗಾಜನೂರು ದಾಟಿ ಹೋಗುವಷ್ಟು ದೂರವೂ ಮರಿ ಅವನ ತೊಡೆ ಮೇಲೆ ನರಳುತ್ತಲೇ ಇತ್ತಂತೆ. ಆಮೇಲೆ ಅಂಗಡಿಗೆ ಬಂದು ಫೋನಿನಲ್ಲಿ ಎಕ್ಸ್‌ರೇ ತೋರಿಸಿದ. ನಾನು ದಿನಾ ಮೂಳೆ ಕಡಿಯುವವನು, ಮೂಳೆ ಹೇಗಿರಬೇಕು ಅಂತ ನನಗೆ ಗೊತ್ತು. ಎಕ್ಸ್‌ರೇಯಲ್ಲಿ ಮೂಳೆ ಬೆಳ್ಳಗೆ ಎದ್ದು ಕಾಣಬೇಕು. ಇದರದ್ದು ಸುತ್ತಲಿನ ಮಾಂಸದ ಬಣ್ಣಕ್ಕೇ ಇತ್ತು. ಅಂಚಿನಲ್ಲಿ ಮಾತ್ರ ಪೆನ್ಸಿಲ್ ಗೆರೆ ಎಳೆದ ಹಾಗೆ ಒಂದು ಸಣ್ಣ ಬಿಳಿ. ಅಷ್ಟೇ.

ಡಾಕ್ಟರು ಬಿಡಿಸಿ ಹೇಳಿದರಂತೆ. ನೂರು ಗ್ರಾಂ ಮಾಂಸದಲ್ಲಿ ರಂಜಕ ಸುಮಾರು 200 ಮಿಲಿಗ್ರಾಂ ಇದ್ದರೆ ಕ್ಯಾಲ್ಸಿಯಂ 10 ಮಿಲಿಗ್ರಾಂ ಆಸುಪಾಸು. ಬೆಳೆಯುವ ಮರಿಗೆ ಕ್ಯಾಲ್ಸಿಯಂ ರಂಜಕಕ್ಕಿಂತ ಸ್ವಲ್ಪ ಜಾಸ್ತಿಯೇ ಬೇಕು. ಊಟದಿಂದ ಬರದಿದ್ದರೆ ದೇಹ ಸುಮ್ಮನಿರುವುದಿಲ್ಲ, ತನ್ನ ಮೂಳೆಯಿಂದಲೇ ಕಿತ್ತು ರಕ್ತಕ್ಕೆ ಹಾಕುತ್ತದೆ. ಮೂರು ತಿಂಗಳು ಹಾಗೆ ಕಿತ್ತಿತ್ತು. ಬೇಯಿಸಿದ ಬೋನ್‌ಲೆಸ್ ಹಾಕಿದ್ದರೂ ಇದೇ ಆಗುತ್ತಿತ್ತು, ಅದನ್ನೂ ಹೇಳಿಬಿಡುತ್ತೇನೆ. ಇದಕ್ಕೆ ಹಸಿಯನ್ನು ಬೈಯುವ ಹಾಗಿಲ್ಲ. ಆದರೆ ಫೋನಿನಲ್ಲಿ ಬರುವ ಲೆಕ್ಕವನ್ನು ನಮ್ಮ ನಮ್ಮ ಭಯಕ್ಕೆ, ಅನುಕೂಲಕ್ಕೆ ತಕ್ಕ ಹಾಗೆ ಅರ್ಧ ಬಿಟ್ಟು ಅರ್ಧ ಮಾಡಿದರೆ ಆಗುವುದು ಇದು. ಆ ಮಾಂಸ ಕತ್ತರಿಸಿ ಕೊಟ್ಟಿದ್ದು ನಾನೇ ಅಲ್ವಾ ಅಂತ ಬಹಳ ದಿನ ಮನಸ್ಸಿಗೆ ಹಿಂಸೆಯಾಯಿತು.

ಈಗ ಅಂಗಡಿಯೊಳಗಿನ ವಿಚಾರಕ್ಕೆ ಬರುತ್ತೇನೆ. ಗಿರಾಕಿಗಳು ತಕ್ಕಡಿಯ ಈಚೆ ನಿಂತಿರುತ್ತಾರೆ. ಆಚೆ ಏನು ನಡೆಯುತ್ತದೆ ಅಂತ ಪೂರ್ತಿ ಕಾಣುವುದಿಲ್ಲ. ನನ್ನದೇ ಅಂಗಡಿಯದ್ದು ಹೇಳುತ್ತೇನೆ. ಫಾರ್ಮಿನಿಂದ ಕೋಳಿ ಲೋಡು ಬೆಳಗಿನ ಜಾವ ಬರುತ್ತದೆ. ಕ್ರೇಟಿನ ಮೇಲೆ ಕ್ರೇಟು. ಮೇಲಿನ ಕೋಳಿಯ ಹಿಕ್ಕೆ ಕೆಳಗಿನ ಕೋಳಿಯ ಬೆನ್ನ ಮೇಲೆ. ಕೊಯ್ದ ಮೇಲೆ ಬಿಸಿನೀರಿಗೆ ಅದ್ದಿ, ಪುಕ್ಕ ಕೀಳುವ ಡ್ರಮ್ಮಿಗೆ ಹಾಕುತ್ತೇವೆ. ಒಳಗೆ ರಬ್ಬರಿನ ಬೆರಳುಗಳಿರುತ್ತವೆ. ಒಂದು ಕೋಳಿಯನ್ನು ಉಜ್ಜಿದ ಬೆರಳೇ ಮುಂದಿನದನ್ನೂ ಉಜ್ಜುತ್ತದೆ. ಅದ್ದುವ ನೀರನ್ನು ಆಗಾಗ ಬದಲಾಯಿಸುತ್ತೇನೆ, ಆದರೆ ಕೋಳಿಗೊಂದು ಸಲ ಬದಲಾಯಿಸೋಕೆ ಆಗುವುದಿಲ್ಲ. ಕರುಳು ತೆಗೆಯುವಾಗ ಎಷ್ಟೇ ಜೋಪಾನ ಮಾಡಿದರೂ ಭಾನುವಾರದ ರಶ್ಶಿನಲ್ಲಿ ನಾಲ್ಕಾರು ಒಡೆಯುತ್ತವೆ. ತೊಳೆಯುತ್ತೇವೆ. ತೊಳೆದರೆ ಕಣ್ಣಿಗೆ ಕಾಣುವುದು ಹೋಗುತ್ತದೆ, ಕಾಣದ್ದು ಅಲ್ಲೇ ಇರುತ್ತದೆ. ಕಡಿಯುವ ಕೊರಡನ್ನು ರಾತ್ರಿ ಕಲ್ಲುಪ್ಪು ಹಾಕಿ ಬಿಸಿನೀರಲ್ಲಿ ಉಜ್ಜದೆ ನಾನು ಬಾಗಿಲು ಎಳೆಯುವುದಿಲ್ಲ. ಆದರೂ ಮರ ಮರವೇ. ಅದರಲ್ಲಿ ಗೀರು ಇರುತ್ತದೆ, ಗೀರಿನಲ್ಲಿ ಪಸೆ ಇರುತ್ತದೆ.

ಇದರಲ್ಲಿ ಮೋಸ ಏನೂ ಇಲ್ಲ. ಈ ಮಾಂಸ ಮನೆಗೆ ಹೋಗಿ ಅರ್ಧ ಗಂಟೆ ಕುದಿಯುತ್ತದೆ ಅಂತ ಸಾಕುವವನಿಗೂ ಗೊತ್ತು, ನನಗೂ ಗೊತ್ತು, ನಿಮಗೂ ಗೊತ್ತು. ನಮ್ಮ ಇಡೀ ಕಸುಬು ಆ ಒಲೆಯನ್ನು ನಂಬಿಕೊಂಡಿದೆ. ಹಸಿಯಾಗಿ ಯಾರಾದರೂ ತಿನ್ನುತ್ತಾರೆ ಅಂತ ಲೆಕ್ಕ ಹಾಕಿ ನಾವ್ಯಾರೂ ಕೆಲಸ ಮಾಡುವುದಿಲ್ಲ. ನಾವು ಮಾರುವುದು ಒಲೆಗೆ ಹೋಗುವ ಮಾಂಸ. ನಾಯಿಗೆ ಅಂತ ತಗೊಂಡು ಹೋದ ಮಾತ್ರಕ್ಕೆ ಅದು ಬೇರೆ ಮಾಂಸ ಆಗುವುದಿಲ್ಲ.

ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಅನ್ನುವ ರೋಗಾಣುಗಳು ಇರುವುದು ಸಾಮಾನ್ಯ. ಎಷ್ಟೋ ಸಲ ನಾಯಿಗೆ ಅವುಗಳಿಂದ ಏನೂ ಆಗುವುದಿಲ್ಲ. ಅದು ಆರಾಮಾಗಿ ತಿಂದು, ಬಾಲ ಅಲ್ಲಾಡಿಸಿ, ಬಂದು ಮಗುವಿನ ಕೆನ್ನೆ ನೆಕ್ಕುತ್ತದೆ. ರೋಗಾಣು ಅದರ ಬಾಯಲ್ಲೂ ಇರುತ್ತದೆ, ಮಲದಲ್ಲೂ ಇರುತ್ತದೆ. ಭೇದಿ, ಜ್ವರ ಬರುವುದು ಆ ಮಗುವಿಗೆ. ಇಲ್ಲ, ಮನೆಯಲ್ಲಿರುವ ಅಜ್ಜನಿಗೆ. ಅಮೆರಿಕದ ಪಶುವೈದ್ಯರ ಸಂಘ 2012ರಲ್ಲೇ ಇದೇ ಕಾರಣಕ್ಕೆ ನಾಯಿ ಬೆಕ್ಕಿಗೆ ಹಸಿ ಮಾಂಸ ಬೇಡ ಅಂತ ನಿಲುವು ತೆಗೆದುಕೊಂಡಿತಂತೆ. ಹಾಗಂತ ನಾಯಿಗೆ ಏನೂ ಆಗುವುದೇ ಇಲ್ಲ ಅಂತಲೂ ಅಲ್ಲ. ಮೆಲ್ಬರ್ನ್ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಸಂಶೋಧನೆ ಪ್ರಕಟಿಸಿದರು. ಹಸಿ ಕೋಳಿ, ಅದರಲ್ಲೂ ಕೋಳಿ ಕುತ್ತಿಗೆ ತಿನ್ನುವ ನಾಯಿಗಳಿಗೆ ಹಿಂಗಾಲಿನಿಂದ ಶುರುವಾಗಿ ಮೈಯೆಲ್ಲ ಶಕ್ತಿ ಹೋಗುವ ಒಂದು ಪಾರ್ಶ್ವವಾಯು ಬರುವ ಅಪಾಯ ಜಾಸ್ತಿ ಅಂತ ಅದರಲ್ಲಿ ಕಂಡುಬಂತು. ನನ್ನ ಅಂಗಡಿಯಲ್ಲಿ ನಾಯಿಗೆ ಅಂತ ಜಾಸ್ತಿ ಕೇಳುವುದೇ ಕುತ್ತಿಗೆ. ಅಗ್ಗ ಅಲ್ವಾ?

ಬೆಕ್ಕು ಸಾಕಿದವರಿಗೂ ಒಂದು ಮಾತು. 2024ರ ಡಿಸೆಂಬರಿನಲ್ಲಿ ನಾಗಪುರದ ಗೋರೆವಾಡಾ ಅನ್ನುವ ಕಡೆ ಇರುವ ಕಾಡುಪ್ರಾಣಿಗಳ ರಕ್ಷಣಾ ಕೇಂದ್ರದಲ್ಲಿ ಮೂರು ಹುಲಿ, ಒಂದು ಚಿರತೆ ಹಕ್ಕಿಜ್ವರದಿಂದ ಸತ್ತವು. ತಿಂದ ಕೋಳಿಯಿಂದ ಬಂದಿರಬೇಕು ಅಂತ ಶಂಕೆ. ಹುಲಿಯೂ ಬೆಕ್ಕಿನ ಜಾತಿಯೇ.

ಆದರೆ ನಾನು ಈ ಪತ್ರ ಬರೆಯೋಕೆ ಮುಖ್ಯ ಕಾರಣ ಕೋಳಿ ಅಲ್ಲ, ಕುರಿ.

ಮಲೆನಾಡಿನ ಮಳೆಗೆ ಕುರಿ ನಿಲ್ಲುವುದಿಲ್ಲ. ನಮಗೆ ಕುರಿ ಬರುವುದು ಬಯಲುಸೀಮೆಯ ಸಂತೆಗಳಿಂದ. ಕುರಿ ಹಿಂಡಿದ್ದಲ್ಲಿ ಕಾವಲಿಗೆ ನಾಯಿ ಇದ್ದೇ ಇರುತ್ತದೆ. ಕುರಿ ಕೊಯ್ದು ಒಳಗಿನದ್ದು ಹೊರಗೆ ತೆಗೆದಾಗ ಕೆಲವು ಸಲ ಲಿವರ್ ಮೇಲೆ, ಶ್ವಾಸಕೋಶದ ಮೇಲೆ ಬೆಳ್ಳನೆಯ ಗುಳ್ಳೆ ಇರುತ್ತದೆ. ಚಿಕ್ಕದಾದರೆ ಕಡಲೆಕಾಳಿನಷ್ಟು, ದೊಡ್ಡದಾದರೆ ನಿಂಬೆಹಣ್ಣಿನಷ್ಟು. ಬೆರಳಲ್ಲಿ ಒತ್ತಿದರೆ ತಾಟಿನಿಂಗಿನ ಹಾಗೆ ಜುಳುಜುಳು ಅನ್ನುತ್ತದೆ. ಕತ್ತಿ ತಾಗಿದರೆ ತಿಳಿನೀರು ಚಿಮ್ಮುತ್ತದೆ, ಒಳಗಿಂದ ಗಂಜಿಯ ಕೆನೆಯಂಥ ಬಿಳಿ ಪೊರೆ ಜಾರಿ ಬರುತ್ತದೆ. ನಾವು ಅದನ್ನು 'ನೀರುಗುಳ್ಳೆ' ಅನ್ನುತ್ತಿದ್ದೆವು. ನಾನು ಚಿಕ್ಕವನಿದ್ದಾಗ ಅಪ್ಪ ಏನು ಮಾಡುತ್ತಿದ್ದರು ಅಂದರೆ, ಅಂಥ ಲಿವರನ್ನು ಗಿರಾಕಿಗೆ ಕೊಡುತ್ತಿರಲಿಲ್ಲ. ಅಷ್ಟು ನಿಯತ್ತಿನ ಮನುಷ್ಯ. ಗುಳ್ಳೆ ಇರುವ ಭಾಗ ಕತ್ತರಿಸಿ ಹಿಂದಿನ ಬಾಗಿಲಿಂದ ಎಸೆಯುತ್ತಿದ್ದರು. ಅಲ್ಲಿ ನಮ್ಮ ಮನೆ ನಾಯಿ ಮತ್ತು ಬೀದಿಯ ಮೂರ್ನಾಲ್ಕು ನಾಯಿ ಕಾಯುತ್ತಿದ್ದವು. ಅಂಗಡಿ ಹಿಂದೆಯೇ ನಮ್ಮ ಮನೆ. ಮನೆ ಹಿಂದೆ ಅವ್ವನ ಹಿತ್ತಲು. ಹರಿವೆ, ಬಸಳೆ, ಬದನೆ ಎಲ್ಲ ಅಲ್ಲೇ. ನಾಯಿಗಳು ಓಡಾಡುತ್ತಿದ್ದುದೂ ಅಲ್ಲೇ.

2009ರಲ್ಲಿ ಅವ್ವನಿಗೆ ಬಲಪಕ್ಕೆ ಕೆಳಗೆ ನೋವು ಶುರುವಾಯಿತು. ಗ್ಯಾಸ್ಟ್ರಿಕ್ ಅಂದುಕೊಂಡು ಓಮದ ಕಷಾಯ ಕುಡಿದಳು. ಆರು ತಿಂಗಳು ಹಾಗೇ ಹೋಯಿತು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಲಿವರಿನಲ್ಲಿ ತೆಂಗಿನಕಾಯಿ ಗಾತ್ರದ ನೀರಿನ ಚೀಲ. ದೊಡ್ಡಾಸ್ಪತ್ರೆಯ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಮನೆಯಲ್ಲಿ ನಾಯಿ ಇದೆಯಾ? ಹತ್ತಿರ ಎಲ್ಲಾದರೂ ಕುರಿ ಕಡಿಯುತ್ತಾರಾ?" ಅಪ್ಪ, "ನಾವೇ ಕಡಿಯೋದು ಸಾರ್" ಅಂದರು.

ಡಾಕ್ಟರು ಒಂದು ಚೀಟಿ ತಿರುವಿ ಹಾಕಿ ಅದರ ಹಿಂದೆ ಕುರಿ, ನಾಯಿ, ಒಬ್ಬ ಹೆಂಗಸಿನ ಚಿತ್ರ ಬರೆದರು. ಕುರಿಯಿಂದ ನಾಯಿಗೆ ಒಂದು ಬಾಣ. ನಾಯಿಯಿಂದ ಕುರಿಗೆ ಒಂದು ಬಾಣ. ನಾಯಿಯಿಂದ ಹೆಂಗಸಿಗೆ ಇನ್ನೊಂದು. ಆ ಗುಳ್ಳೆಯೊಳಗೆ ಒಂದು ಹುಳದ ಮರಿಗಳು ಇರುತ್ತವೆ. ನಾಯಿ ಆ ಲಿವರನ್ನು, ಶ್ವಾಸಕೋಶವನ್ನು ಹಸಿಯಾಗಿ ತಿಂದರೆ ಅದರ ಕರುಳಲ್ಲಿ ಅವು ಹುಳವಾಗುತ್ತವೆ. ಹೆಚ್ಚೆಂದರೆ ಒಂದು ಅಕ್ಕಿಕಾಳಿನ ಉದ್ದ. ನಾಯಿಗೆ ಅದರಿಂದ ಒಂದಿಷ್ಟೂ ತೊಂದರೆ ಇಲ್ಲ, ಮೈಕೈ ತುಂಬಿಕೊಂಡು ಚೆನ್ನಾಗಿಯೇ ಇರುತ್ತದೆ. ಆರೇಳು ವಾರವಾದ ಮೇಲೆ ಅದರ ಮಲದಲ್ಲಿ ಹುಳದ ಮೊಟ್ಟೆ ಬೀಳೋಕೆ ಶುರು. ಮೊಟ್ಟೆ ಕಣ್ಣಿಗೆ ಕಾಣುವಂಥದ್ದಲ್ಲ. ನಾಯಿಯ ಕೂದಲಿಗೆ ಅಂಟುತ್ತದೆ, ಸೊಪ್ಪಿನ ಮೇಲೆ ಇರುತ್ತದೆ, ಕೈಗೆ ಬರುತ್ತದೆ, ಬಾಯಿಗೆ ಹೋಗುತ್ತದೆ. ಮನುಷ್ಯನ ಲಿವರಿನಲ್ಲಿ, ಶ್ವಾಸಕೋಶದಲ್ಲಿ ಮತ್ತೆ ಅದೇ ಗುಳ್ಳೆಯಾಗಿ ವರ್ಷಗಟ್ಟಲೆ ಮೆಲ್ಲಗೆ ಬೆಳೆಯುತ್ತದೆ. ಇದಕ್ಕೆ ಹೈಡಾಟಿಡ್ ರೋಗ ಅಂತ ಹೆಸರು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಕುರಿ ಮಾಂಸ ತಿಂದಿದ್ದಕ್ಕೆ ಮನುಷ್ಯರಿಗೆ ಇದು ಬರುವುದಿಲ್ಲ. ನಾಯಿಯ ಮೂಲಕವೇ ಬರಬೇಕು. ನಾಯಿಗೆ ಬರಬೇಕಾದರೆ ಅದು ಹಸಿಯಾಗಿ ತಿನ್ನಲೇಬೇಕು. ಚೆನ್ನಾಗಿ ಬೇಯಿಸಿಬಿಟ್ಟರೆ ಆ ಚಿತ್ರದ ಒಂದು ಬಾಣ ಅಲ್ಲಿಗೇ ಕಡಿದುಹೋಯಿತು.

ಅವ್ವನಿಗೆ ಮೊದಲು ಮಾತ್ರೆ ಕೊಟ್ಟು ಆಮೇಲೆ ಆಪರೇಷನ್ ಮಾಡಿದರು. ಹೊಟ್ಟೆಯೊಳಗೇ ಆ ಚೀಲ ಒಡೆದರೆ ಜೀವಕ್ಕೇ ಅಪಾಯ, ಸೋರಿದ ನೀರಿನಿಂದ ಇನ್ನಷ್ಟು ಗುಳ್ಳೆ ಹುಟ್ಟುತ್ತವೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ನಾಲ್ಕು ಗಂಟೆ ಹಿಡಿಯಿತು. ಅಪ್ಪ ಹೊರಗಿನ ಬೆಂಚಿನ ಮೇಲೆ ಕೂತು ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರು. ನನ್ನ ಹತ್ತಿರ ಒಂದೇ ಒಂದು ಮಾತಾಡಿದರು. "ಎಸೆದಿದ್ದು ನಾನೇ ಕಣೋ." ನಮ್ಮ ಯಾವ ನಾಯಿಯಿಂದ, ಯಾವ ವರ್ಷ ಬಂತು ಅಂತ ಯಾರಿಗೂ ಹೇಳೋಕೆ ಆಗುವುದಿಲ್ಲ ಅಂತ ಡಾಕ್ಟರೇ ಹೇಳಿದ್ದರು. ಅಪ್ಪನಿಗೆ ಅದು ಸಮಾಧಾನ ಕೊಡಲಿಲ್ಲ. ಊರಿಗೆ ಬಂದ ಮಾರನೇ ದಿನ ಅಂಗಡಿ ತೆಗೆಯಲಿಲ್ಲ. ಹಾರೆ ಹಿಡಿದು ಜಾಗದ ಕೊನೆಯಲ್ಲಿ ಎದೆಮಟ್ಟದ ಗುಂಡಿ ತೋಡಿದರು. ಮೇಲೆ ಕಲ್ಲುಚಪ್ಪಡಿ ಹಾಕಿದರು. ಅಲ್ಲಿಂದ ಗುಳ್ಳೆ ಇರುವ ಒಂದು ಚೂರೂ ನಾಯಿಗೆ ಹೋಗಿಲ್ಲ. ಸುಣ್ಣ ಹಾಕಿ ಹೂಳುತ್ತೇವೆ. ಅಪ್ಪ ಈಗ ಇಲ್ಲ. ಅವ್ವ ಗಟ್ಟಿಯಾಗಿದ್ದಾಳೆ. ಆ ಚೀಟಿ ನನ್ನ ಗಲ್ಲಾಪೆಟ್ಟಿಗೆಯಲ್ಲಿ ಈಗಲೂ ಇದೆ.

ಈಗ ಹೇಳಿ, ಯಾರಾದರೂ ಬಂದು "ಅಣ್ಣ, ಕುರಿ ಲಿವರ್, ಶ್ವಾಸಕೋಶ ಹಸಿಯಾಗೇ ಕೊಡಿ, ನಾಯಿಗೆ" ಅಂದಾಗ ನನಗೆ ಹೇಗಾಗಬೇಡ? ಅದೂ ಈಗಿನ ನಾಯಿ ಹಿತ್ತಲಲ್ಲಿ ಇರುವುದಿಲ್ಲ. ಸೋಫಾದ ಮೇಲೆ ಇರುತ್ತದೆ. ಮಕ್ಕಳ ಜೊತೆ ಮಲಗುತ್ತದೆ.

"ನಿಮ್ಮ ಅಂಗಡಿ ಮುಂದಿನ ಬೀದಿನಾಯಿಗಳು ಹಸಿ ತಿಂದೇ ಗುಂಡುಕಲ್ಲಿನ ಹಾಗಿಲ್ವಾ?" ಅಂತ ಕೇಳುವವರಿದ್ದಾರೆ. ಇದ್ದಾವೆ. ಆದರೆ ನಾನು 28 ವರ್ಷದಿಂದ ಅವುಗಳನ್ನು ನೋಡುತ್ತಿದ್ದೇನೆ. ಇವತ್ತು ಇರುವ ನಾಯಿ ನಾಲ್ಕೈದು ವರ್ಷದ ಮೇಲೆ ಇರುವುದಿಲ್ಲ. ಬದುಕಿದ್ದು ಕಣ್ಣೆದುರು ಕೂತಿರುತ್ತದೆ, ಸತ್ತಿದ್ದು ಯಾವುದೋ ಮೋರಿಯಲ್ಲಿ. ನಾವು ಲೆಕ್ಕ ಹಿಡಿಯುವುದು ಕೂತಿರುವುದನ್ನು ಮಾತ್ರ.

ತೋಳದ ಮಾತೂ ಅಷ್ಟೇ. ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ನಾಯಿಯ ಮತ್ತು ತೋಳದ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಪಿಷ್ಟ ಅರಗಿಸುವ ವಂಶವಾಹಿ ತೋಳದಲ್ಲಿ ಎರಡೇ ಪ್ರತಿ, ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ. ಮನುಷ್ಯನ ಮನೆ ಬಾಗಿಲಲ್ಲಿ ಅನ್ನ, ಮುದ್ದೆ, ರೊಟ್ಟಿ ತಿಂದು ತಿಂದು ಸಾವಿರಾರು ವರ್ಷದಲ್ಲಿ ಅದರ ಹೊಟ್ಟೆಯೇ ಬದಲಾಗಿದೆ. ನಾಯಿ ತೋಳ ಆಗಿ ಉಳಿದಿಲ್ಲ. ಅಣ್ಣನ ಮಗಳು ಇದನ್ನು ಹೇಳಿದಾಗ ಅವ್ವ, "ಅದನ್ನು ಕಂಡುಹಿಡಿಯೋಕೆ ಅಷ್ಟು ದೂರ ಹೋಗಬೇಕಿತ್ತಾ ಮಗಾ" ಅಂದಳು.

ಫ್ರೀಜರಿನಲ್ಲಿ ಇಟ್ಟರೆ ಎಲ್ಲ ಸಾಯುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಬ್ಯಾಕ್ಟೀರಿಯಾ ಸಾಯುವುದಿಲ್ಲ, ಮಲಗುತ್ತದೆ ಅಷ್ಟೇ. ಮಂಜು ಕರಗಿದ ಮೇಲೆ ಏಳುತ್ತದೆ. ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಆರಿದ್ರಾ ಮಳೆ ಹಿಡಿದರೆ, ಲೈನಿನ ಮೇಲೆ ಮರ ಬಿದ್ದರೆ, ಹಳ್ಳಿಗಳಲ್ಲಿ ಎರಡು ದಿನ ಮೂರು ದಿನ ಕರೆಂಟಿಲ್ಲ. ಫ್ರೀಜರಿನ ಮಾಂಸ ಕರಗಿ, ಕರೆಂಟು ಬಂದ ಮೇಲೆ ಮತ್ತೆ ಗಟ್ಟಿಯಾಗಿ ಕೂತಿರುತ್ತದೆ. ನೋಡೋಕೆ ಚೆನ್ನಾಗೇ ಇರುತ್ತದೆ. ಹೊರದೇಶದಲ್ಲಿ ಕಂಪನಿಗಳು ಹಸಿ ಊಟವನ್ನು ಪರೀಕ್ಷೆ ಮಾಡಿ ಪ್ಯಾಕ್ ಮಾಡುತ್ತವೆ. ಅಲ್ಲೂ ರೋಗಾಣು ಸಿಕ್ಕಿ ಮಾರುಕಟ್ಟೆಯಿಂದ ವಾಪಸ್ ತರಿಸಿಕೊಂಡಿದ್ದು ಎಷ್ಟೋ ಸಲ. ನಮ್ಮಂಥ ಅಂಗಡಿಗಳಲ್ಲಿ ಆ ಪರೀಕ್ಷೆಯೂ ಇಲ್ಲ.

ಹಾಗಾದರೆ ನಾಯಿಗೆ ಮಾಂಸವೇ ಬೇಡವಾ? ಬೇಕು. ಚೆನ್ನಾಗಿ ಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ನಾಯಿಗೆ ಬರೀ ಮಜ್ಜಿಗೆ ಅನ್ನ ಹಾಕುತ್ತಾರೆ. ಪ್ರೀತಿಗೇನೂ ಕಡಿಮೆ ಇಲ್ಲ, ಆದರೆ ನಾಯಿಯ ಪಕ್ಕೆ ಎಣಿಸಬಹುದು. ಮಾಂಸ ಮುಟ್ಟದ ಮನೆಯವರು ಬೇಯಿಸಿದ ಮೊಟ್ಟೆಯನ್ನಾದರೂ ಹಾಕಬಹುದು. ಅದೂ ಆಗದಿದ್ದರೆ ಏನು ಹಾಕಬೇಕು ಅಂತ ಪಶುವೈದ್ಯರನ್ನು ಕೇಳಿ.

ನಮ್ಮ ಮನೆಯಲ್ಲಿ ಕರಿಯ ಅನ್ನುವ ಊರ ನಾಯಿ ಇದೆ, ಈಗ ಒಂಬತ್ತು ವರ್ಷ. ಅದರ ಊಟ ಹೀಗೆ. ಸಂಜೆ ಅಂಗಡಿಯಿಂದ ಕೋಳಿಯ ಕುತ್ತಿಗೆ, ಗುಂಡಿಗೆ, ಲಿವರ್ ಸ್ವಲ್ಪ, ಒಂದಿಷ್ಟು ಮಾಂಸ ತರುತ್ತೇನೆ. ಲಿವರ್ ಸ್ವಲ್ಪವೇ ಇರಬೇಕು, ದಿನಾ ಜಾಸ್ತಿ ಹಾಕಿದರೆ ವಿಟಮಿನ್ ಎ ಮಿತಿಮೀರುತ್ತದೆ. ಅವ್ವ ಅದನ್ನು ಅಕ್ಕಿ, ಒಂದು ಹಿಡಿ ಬೇಳೆ, ಸಿಹಿಗುಂಬಳದ ಹೋಳಿನ ಜೊತೆ ಮೆತ್ತಗೆ ಬೇಯಿಸುತ್ತಾಳೆ. ಉಪ್ಪು ಖಾರ ಇಲ್ಲ. ಈರುಳ್ಳಿ ಬೆಳ್ಳುಳ್ಳಿ ಖಂಡಿತ ಇಲ್ಲ, ಅವು ನಾಯಿಯ ರಕ್ತ ಕೆಡಿಸುತ್ತವೆ. ಆರಿದ ಮೇಲೆ ಕೂತು ಕುತ್ತಿಗೆಯ ಮಾಂಸವನ್ನೆಲ್ಲ ಬೆರಳಲ್ಲಿ ಬಿಡಿಸಿ ಮೂಳೆ ತೆಗೆದು ಹಾಕುತ್ತಾಳೆ. ಬೆಂದ ಮೂಳೆ ಚೂಪಾಗಿ ಸೀಳುತ್ತದೆ, ಕರುಳು ತೂತಾಗಬಹುದು. ಕರಿಯ ಅವಳ ಮೊಣಕಾಲಿಗೆ ಗಲ್ಲ ಒರಗಿಸಿ ಕಾಯುತ್ತಾ ಕೂತಿರುತ್ತದೆ. ಮೂಳೆ ತೆಗೆದ ಮೇಲೆ ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? ಅದಕ್ಕೆ ಮೊಟ್ಟೆಯ ಚಿಪ್ಪು. ಚಿಪ್ಪನ್ನು ಕುದಿಸಿ ಒಣಗಿಸಿ, ಮಿಕ್ಸಿಯಲ್ಲಿ ಹಿಟ್ಟಿನ ಹಾಗೆ ನುಣ್ಣಗೆ ಪುಡಿ ಮಾಡಿ ಇಟ್ಟುಕೊಂಡಿದ್ದೇವೆ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ದಿನಕ್ಕೆ ಎಷ್ಟು ಅನ್ನುವುದು ನಾಯಿಯ ತೂಕದ ಮೇಲೆ. ಡಾಕ್ಟರನ್ನು ಕೇಳಿಯೇ ಹಾಕಿ. ಮರಿಯಾದರೆ ಇನ್ನೂ ಜೋಪಾನ, ಜಾಸ್ತಿಯಾದರೂ ತೊಂದರೆ. ಬೂತಾಯಿ ಮೀನಿನ ಗಾಡಿ ಬಂದ ದಿನ ಬೇಯಿಸಿ ಮುಳ್ಳು ತೆಗೆದ ಮೀನು. ಹಸಿ ತಿಂದ ನಾಯಿಯ ಮೈ ಮಿಂಚುತ್ತದೆ ಅನ್ನುತ್ತಾರೆ, ಅದು ನಿಜ. ಕರಿಯನ ಮೈಯೂ ಮಿಂಚುತ್ತದೆ. ಮಿಂಚುವುದು ಮಾಂಸದಿಂದ, ಹಸಿತನದಿಂದ ಅಲ್ಲ.

ಹುಳದ ಮಾತ್ರೆಯ ವಿಚಾರವೂ ಸೇರಿಸುತ್ತೇನೆ. ಯಾವುದೋ ಒಂದು ಮಾತ್ರೆ ಹಾಕಿದರೆ ಆಯಿತು ಅಂದುಕೊಳ್ಳಬೇಡಿ. ನೀರುಗುಳ್ಳೆಯಿಂದ ನಾಯಿಗೆ ಬರುವ ಹುಳಕ್ಕೆ ಪ್ರಾಜಿಕ್ವಾಂಟೆಲ್ ಅನ್ನುವ ಔಷಧಿ ಇರುವ ಮಾತ್ರೆಯೇ ಬೇಕು. ಹಸಿ ಲಿವರ್, ಶ್ವಾಸಕೋಶ ಸಿಗುವ ಜಾಗದಲ್ಲಿ ಓಡಾಡುವ ನಾಯಿಗೆ ಆರು ವಾರಕ್ಕೊಮ್ಮೆ ಹಾಕಿಸುವುದು ಒಳ್ಳೆಯದಂತೆ.

ಕಡೆಗೆ, ಮಾಡಬೇಕಾದವರಿಗೆ ನನ್ನ ಬೇಡಿಕೆಗಳು. ಮಾಂಸದಂಗಡಿ ತ್ಯಾಜ್ಯವನ್ನು ಗೋಣಿಚೀಲದಲ್ಲಿ ಕಟ್ಟಿ ಘಾಟಿಯ ತಿರುವುಗಳಲ್ಲಿ, ಹೊಳೆ ದಂಡೆಯಲ್ಲಿ ಎಸೆದು ಹೋಗುವವರು ನಮ್ಮ ಕಸುಬಿನಲ್ಲೇ ಇದ್ದಾರೆ. ಹೇಳೋಕೆ ನಾಚಿಕೆಯಾಗುತ್ತದೆ. ಆ ಚೀಲವನ್ನು ಹರಿಯುವುದು ನಾಯಿ, ಆ ನಾಯಿ ಮರಳಿ ಬರುವುದು ಊರಿಗೆ. ನಾಯಿಯ ಹಿಂದೆ ಚಿರತೆಯೂ ಬರುತ್ತದೆ, ಅದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಇದನ್ನು ಹೂಳೋಕೆ ಮುಚ್ಚಳ ಇರುವ ಆಳವಾದ ಗುಂಡಿಗಳನ್ನು ಸ್ಥಳೀಯ ಆಡಳಿತ ಮಾಡಿಕೊಡಲಿ. ಶುಲ್ಕ ಕೇಳಿದರೆ ಕೊಡೋಕೆ ನಾನು ತಯಾರು. ಪಶುಪಾಲನಾ ಇಲಾಖೆಯವರು ನೀರುಗುಳ್ಳೆಯ ಚಿತ್ರ ಹಾಕಿ, "ಇದನ್ನು ನಾಯಿಗೆ ಹಾಕಬೇಡಿ" ಅಂತ ಕನ್ನಡದಲ್ಲಿ ಒಂದು ಬೋರ್ಡ್ ಮಾಡಿ ಪ್ರತಿ ಮಟನ್ ಅಂಗಡಿಗೆ ಕೊಡಲಿ. ನಾಯಿ ಮರಿಗೆ ಮೊದಲ ಲಸಿಕೆ ಹಾಕಿಸೋಕೆ ಬರುವವರಿಗೆ, ಏನು ಎಷ್ಟು ಬೇಯಿಸಿ ಹಾಕಬೇಕು ಅನ್ನುವ ಒಂದು ಹಾಳೆಯನ್ನೂ ಕೊಡಲಿ. ಆ ಹಾಳೆ ಸಿಕ್ಕಿದ್ದರೆ ಕೊಪ್ಪ ರಸ್ತೆಯ ಹುಡುಗ ಫೋನು ನೋಡುತ್ತಿರಲಿಲ್ಲ.

ಅವನ ಮರಿ ಈಗ ದೊಡ್ಡದಾಗಿದೆ, ಕಾಲು ಕೂಡಿದೆ. ಸ್ವಲ್ಪ ಕುಂಟುತ್ತದೆ. ಭಾನುವಾರ ಅವನ ಜೊತೆ ಸ್ಕೂಟರಿನಲ್ಲಿ ನಿಂತುಕೊಂಡು ಅಂಗಡಿಗೆ ಬರುತ್ತದೆ. ಅವನು ಕುತ್ತಿಗೆ, ಮಾಂಸ ತಗೊಳ್ಳುತ್ತಾನೆ, "ಕುಕ್ಕರಿಗೆ ಅಣ್ಣ" ಅಂತ ಅವನೇ ಹೇಳುತ್ತಾನೆ.

ನಾನು ಈಗ ಎಲ್ಲರನ್ನೂ "ಮನೆಗಾ, ನಾಯಿಗಾ?" ಅಂತ ಕೇಳಿಯೇ ಕವರ್ ಕಟ್ಟುತ್ತೇನೆ. ನಾಯಿಗೆ ಅಂದರೆ, ಬೇಯಿಸಿ ಹಾಕಿ ಅಂತ ಹೇಳಿ ಕೊಡುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ, ಬೇರೆ ಅಂಗಡಿಗೆ ಹೋಗುತ್ತಾರೆ. ನೀರುಗುಳ್ಳೆ ಹೇಗಿರುತ್ತದೆ ಅಂತ ಕಣ್ಣಾರೆ ನೋಡಬೇಕು ಅನ್ನುವವರು ನಮ್ಮ ಅಂಗಡಿಗೆ ಬನ್ನಿ. ಪ್ರತಿ ಕುರಿಯಲ್ಲೂ ಇರುವುದಿಲ್ಲ, ಸಿಕ್ಕಿದ ದಿನ ಹೂಳುವ ಮೊದಲು ತೋರಿಸುತ್ತೇನೆ. ಭಾನುವಾರವಾದರೆ ಬೆಳಿಗ್ಗೆ 6ಕ್ಕೇ ಬನ್ನಿ, 7 ಆದ ಮೇಲೆ ನಿಂತು ಮಾತಾಡೋಕೆ ಆಗುವುದಿಲ್ಲ.

ಇಂತಿ,
ಒಬ್ಬ ಮಟನ್ ಅಂಗಡಿಯವನು,
ತೀರ್ಥಹಳ್ಳಿ